ಪರೀಕ್ಷೆ ರೋಗಿಯ ಊರಿಗೇ ಬರಲಿ

ಎಕ್ಸೋಸೋಮ್, ನ್ಯಾನೋ ಸೆನ್ಸರ್ ಎಂದ ಕೂಡಲೇ ಅದು ಸೈನ್ಸ್‌ನವರ ವಿಷಯ ಎಂದು ನಾವು ಕಾಮರ್ಸ್‌ನವರು ಸುಮ್ಮನಾಗುತ್ತೇವೆ. ಆದರೆ ಇದರಲ್ಲಿ ಖರ್ಚಿನ ಪ್ರಶ್ನೆಯೂ ಇದೆ. ಅದನ್ನು ನಾವೇ ಕೇಳಬೇಕು.

ದೇಹದ ಜೀವಕೋಶಗಳು ಸದಾ ಅತಿಸಣ್ಣ ಚೀಲಗಳನ್ನು ಹೊರಗೆ ಬಿಡುತ್ತಿರುತ್ತವೆ. ಇವೇ ಎಕ್ಸೋಸೋಮ್. ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್. ಕ್ಯಾನ್ಸರ್ ಕೋಶ ಬಿಟ್ಟ ಚೀಲದಲ್ಲಿ ಆ ಕೋಶದ ಪ್ರೋಟೀನು, ಆರ್‌ಎನ್‌ಎ ಇರುತ್ತವೆ. ರಕ್ತದಲ್ಲಷ್ಟೇ ಅಲ್ಲ, ಉಗುಳಿನಲ್ಲೂ ಇವು ಸಿಗುತ್ತವೆ. ನಮ್ಮ ಮನೆಯಲ್ಲಿ 'ಥೂಕ್' ಎಂದು ಮುಖ ಸಿಂಡರಿಸುವ ವಸ್ತುವಿನಲ್ಲೇ ಬಾಯಿ ಕ್ಯಾನ್ಸರಿನ ಸುಳಿವು ಇರಬಹುದು.

ಇವನ್ನು ಬೇರ್ಪಡಿಸಲು ಗುರುತ್ವಕ್ಕಿಂತ ಲಕ್ಷ ಪಟ್ಟು ಬಲದಲ್ಲಿ ಗಂಟೆಗಟ್ಟಲೆ ತಿರುಗುವ ದುಬಾರಿ ಯಂತ್ರ ಬೇಕಾಗುತ್ತಿತ್ತು. ಹೊಸ ವಿಧಾನದಲ್ಲಿ ಕಾಂತೀಯ ಕಣಗಳಿಗೆ ಪ್ರತಿಕಾಯ ಅಂಟಿಸುತ್ತಾರೆ. ಅದು ಎಕ್ಸೋಸೋಮಿನ ಮೇಲಿನ ಸಿಡಿ63ರಂಥ ಪ್ರೋಟೀನನ್ನು ಹಿಡಿಯುತ್ತದೆ. ಆಯಸ್ಕಾಂತ ಹಿಡಿದರೆ ಎಲ್ಲವೂ ಒಂದೆಡೆ ಸೇರುತ್ತವೆ. ಚಿನ್ನದ ನ್ಯಾನೋಕಣ ಅಥವಾ ಗ್ರಾಫೀನ್ ಇರುವ ಸೆನ್ಸರ್ ಅವನ್ನು ಗುರುತಿಸುತ್ತದೆ. ಬಾಯಿ ಕ್ಯಾನ್ಸರಿಗೆ ಇದು ಇನ್ನೂ ಸಂಶೋಧನೆಯ ಹಂತದಲ್ಲಿದೆ. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಶುರುವಾದ ಪಾಥ್‌ಶೋಧ್ ಕಂಪನಿ, ಸಕ್ಕರೆ ಕಾಯಿಲೆಯ ಹಲವು ಪರೀಕ್ಷೆಗಳನ್ನು ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಇಳಿಸಿದೆ. ಹಾಗಾಗಿ ಇದೂ ಬರೀ ಕನಸಲ್ಲ.

ಈಗ ಲೆಕ್ಕಕ್ಕೆ ಬರೋಣ. ಇಳಕಲ್ಲಿನ ನೇಕಾರರೊಬ್ಬರು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದರೆ, ಪರೀಕ್ಷೆ ಉಚಿತವೇ ಇದ್ದರೂ ಬಸ್ ಚಾರ್ಜು, ಊಟ, ಜೊತೆಗೆ ಬಂದವರ ಕೂಲಿ, ನಿಂತ ಮಗ್ಗ ಎಲ್ಲವೂ ಖರ್ಚೇ. ನಮ್ಮ ಪಠ್ಯ ಇದನ್ನು 'ಅವಕಾಶ ವೆಚ್ಚ' ಎನ್ನುತ್ತದೆ. ಅದಕ್ಕೇ ಜನ "ನೋವಿಲ್ಲವಲ್ಲ, ಆಮೇಲೆ ನೋಡೋಣ" ಎನ್ನುತ್ತಾರೆ. ಅಷ್ಟರಲ್ಲಿ ರೋಗ ಬೆಳೆದಿರುತ್ತದೆ. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಆದರೂ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಮಾಡಿ ಮಾರುವುದು ನಿಂತಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ: ಇಂಥ ಸೆನ್ಸರ್ ದೊಡ್ಡ ಲ್ಯಾಬಿನಲ್ಲಿ ಕೆಲಸ ಮಾಡಿದರೆ ಸಾಲದು. ಅದು ನಿಖರ ಎಂದು ಸಾಬೀತಾದ ಮೇಲೆ ಸರ್ಕಾರವೇ ಕೊಂಡು ಮೊದಲು ಹುನಗುಂದ, ಬಾದಾಮಿಯಂಥ ತಾಲ್ಲೂಕು ಆಸ್ಪತ್ರೆಗಳಿಗೆ ಕೊಡಬೇಕು. ರೋಗ ಕಂಡವರಿಗೆ ಮುಂದಿನ ಚಿಕಿತ್ಸೆಯ ದಾರಿಯನ್ನೂ ತೋರಿಸಬೇಕು.

ಅಲ್ಲಿಯವರೆಗೆ ಕಾಯುತ್ತ ಕೂರಬೇಕಿಲ್ಲ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಡಾಕ್ಟರಿಗೆ ತೋರಿಸಬೇಕು. ಅವರು ಟಾರ್ಚ್ ಹಿಡಿದು ನೋಡಿದರೂ ಎಷ್ಟೋ ಗೊತ್ತಾಗುತ್ತದೆ. ಗೆಳೆಯರೇ, ಮನೆಯಲ್ಲಿ ಅಬ್ಬಾ, ಚಾಚಾ, ಮಾಮೂ ಯಾರಾದರೂ ತಂಬಾಕು ತಿನ್ನುತ್ತಿದ್ದರೆ ಈ ವಾರವೇ ಹೇಳಿ.