ಮೌಸ್ ಮಕ್ಕಳ ಕೈಗೆ ಕೊಡಿ!



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ನಾಡಿಗೆ ಕರೆಂಟು ಕೊಡುವ ಸೀಮೆಯ ಕನ್ನಡ ಶಾಲೆಯ ಮಕ್ಕಳು ಕಂಪ್ಯೂಟರಿಗೆ ಕೆಲಸ ಹೇಳಲು ಮೊದಲು ಇಂಗ್ಲಿಷ್ ಕಲಿತು ಬರಬೇಕೇ? ಬೇಕಾಗಿಲ್ಲ!

1967ರಲ್ಲಿ ಅಮೆರಿಕದಲ್ಲಿ ಸೇಮೂರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿಯೇ ‘ಲೋಗೋ’ ಭಾಷೆ ಕಟ್ಟಿದರು. ಆಮೇಲೆ ಅದಕ್ಕೊಂದು ಆಮೆ ಬಂತು. ಹೇಳಿದಂತೆ ನಡೆದು ಗೆರೆ ಎಳೆಯುವ ಆಮೆ. 2007ರಲ್ಲಿ ಅದೇ ದಾರಿಯಲ್ಲಿ ‘ಸ್ಕ್ರ್ಯಾಚ್’ ಬಂತು. ಟೈಪಿಂಗ್ ತಾಪತ್ರಯವಿಲ್ಲ, ಆಜ್ಞೆ ಬರೆದ ಬಣ್ಣದ ತುಂಡುಗಳನ್ನು ಜೋಡಿಸಿದರೆ ಸಾಕು.

ಆದರೆ ಎಚ್ಚರ! ಪರದೆಯ ಮೇಲೆ ಬಣ್ಣ ಕುಣಿದ ಮಾತ್ರಕ್ಕೆ ವಿದ್ಯೆ ಬರುವುದಿಲ್ಲ. ಪ್ರೋಗ್ರಾಮಿನ ನಡೆಯನ್ನು ಚಿತ್ರದಲ್ಲಿ ತೋರಿಸಿ ಕಲಿಸುವ 24 ಪ್ರಯೋಗಗಳನ್ನು ಹಂಡ್‌ಹೌಸನ್, ಡಗ್ಲಾಸ್, ಸ್ಟಾಸ್ಕೊ ಎಂಬ ಸಂಶೋಧಕರು 2002ರಲ್ಲಿ ಒಟ್ಟಿಗಿಟ್ಟು ನೋಡಿದರು. ಏನು ತೋರಿಸಿದರು ಎಂಬುದಕ್ಕಿಂತ ಕಲಿಯುವವರು ಏನು ಮಾಡಿದರು ಎಂಬುದೇ ಮುಖ್ಯ ಎಂದು ಕಂಡಿತು. ಮೇಷ್ಟ್ರು ತೋರಿಸುವುದು, ಮಕ್ಕಳು ಬಾಯಿಬಿಟ್ಟು ನೋಡುವುದು ಸಿನಿಮಾ, ಪಾಠವಲ್ಲ!

ಮಗುವಿಗೆ ಮೂರು ಬಾಹುಗಳೂ ಸಮ ಇರುವ ತ್ರಿಕೋನ ಬರೆಯಲು ಹೇಳಿ. ‘100 ಹೆಜ್ಜೆ ನಡೆ, 60 ಡಿಗ್ರಿ ತಿರುಗು’ ಎಂದು ಮೂರು ಸಲ ಜೋಡಿಸೀತು. ಓಡಿಸುವ ಮೊದಲು, ‘ಏನು ಬರುತ್ತೆ ಹೇಳು’ ಎಂದು ಕೇಳಿ. ‘ತ್ರಿಕೋನ’ ಎನ್ನುತ್ತದೆ. ಬರುವುದು ಅರ್ಧ ಷಟ್ಕೋನ! ಯಾಕೆ? ಮಗು ಎದ್ದು ತಾನೇ ಆಮೆಯಂತೆ ನಡೆದು ನೋಡಲಿ. ಒಳಕೋನ 60 ಆದರೂ ತಿರುಗಬೇಕಾದ್ದು 120 ಎಂದು ಕಾಲೇ ಹೇಳಿಕೊಡುತ್ತದೆ.

ಇದೆಲ್ಲ ಕನ್ನಡದಲ್ಲಿ ಆಗುತ್ತದೆಯೇ? ಸ್ಕ್ರ್ಯಾಚಿನ ಹಳೆಯ ಆವೃತ್ತಿಯ ಪಟ್ಟಿಯಲ್ಲಿ ‘ಕನ್ನಡ’ ಎಂದಿರಬೇಕಾದ ಜಾಗದಲ್ಲಿ ‘ಭಾಷೆ-ಹೆಸರು’ ಎಂದು ಅಚ್ಚಾಗಿತ್ತು! ನಮ್ಮ ಹೆಸರನ್ನು ನಾವೇ ಬರೆಯದಿದ್ದರೆ ಬೇರೆ ಯಾರು ಬರೆದಾರು? ಅದೇ ಜಾತಿಯ ‘ಸ್ನ್ಯಾಪ್’ ತಂತ್ರಾಂಶದಲ್ಲಿ ಕನ್ನಡವಿದೆ. ಕಾಸು ಕೊಡಬೇಕಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ಟೂ ಬೇಡ.

ಬೆಂಗಳೂರಿನಲ್ಲಿ ಕೋಡ್ ಬರೆದು ಸಂಬಳ ಎಣಿಸುವ ತರುಣರೇ, ಘೋಷಣೆ ಕೂಗಿದರೆ ಸಾಲದು. ಊರಿಗೆ ಹೋದಾಗ ಒಂದು ಹಳೆಯ ಲ್ಯಾಪ್‌ಟಾಪ್ ಹಿಡಿದು ನಿಮ್ಮ ಶಾಲೆಗೆ ಹೋಗಿ. ಅನುವಾದದಲ್ಲಿ ಕೊರತೆ ಕಂಡರೆ ತಿದ್ದಿ ಕಳಿಸಿ. ಮಗು ತಪ್ಪಿದಾಗ ಮೌಸಿಗೆ ಕೈ ಹಾಕಬೇಡಿ. ಐದು ನಿಮಿಷ ಬಾಯಿ ಮುಚ್ಚಿಕೊಂಡು ಕೂರಿ. ಮಗು ಕಲಿಯುವುದು ಆ ಐದು ನಿಮಿಷದಲ್ಲೇ!