ಎರಡು ಗೆರೆ ಒಂದಾದಾಗ

ಫ.ಗು. ಹಳಕಟ್ಟಿಯವರು ತಾಳೆಗರಿಯ ವಚನಗಳನ್ನು ಅಚ್ಚಿಗೆ ಅಣಿಗೊಳಿಸಿದ ಊರು ವಿಜಯಪುರ. ಬರಹದ ರೂಪ ಬದಲಿಸುವಾಗ ಅಕ್ಷರ ಕೆಡದಂತೆ ಕಾಯುವ ಆ ಕಷ್ಟ ಕಂಪ್ಯೂಟರ್ ಕಾಲದಲ್ಲೂ ತಪ್ಪಿಲ್ಲ.

ಅದೇ ಊರಿನ ಜೋರಾಪುರ ಪೇಟೆಯ ಹುಡುಗಿಯೊಬ್ಬಳು ಲಿನಕ್ಸ್ ಕಲಿಯುತ್ತಿದ್ದಾಳೆ ಎನ್ನಿ. ಅವಳಿಗೆ ಕಮಾಂಡುಗಳ ಕೈಪಿಡಿಯೇ ಗುರು. 1971ರ ಯುನಿಕ್ಸ್ ಕೈಪಿಡಿಯ ಕಾಲದಿಂದ ಬಂದ ‘ರಾಫ್’ ಗುರುತುಗಳಲ್ಲಿ ಬರೆದದ್ದನ್ನು ತಿದ್ದುವುದು ತಲೆನೋವು. ಎಲ್ಲಿ ನೋಡಿದರೂ ಚುಕ್ಕಿ, ಸಂಕೇತ. ಆದ್ದರಿಂದ ಹಲವರು ಅದನ್ನು 2004ರಲ್ಲಿ ಬಂದ ಸರಳ ‘ಮಾರ್ಕ್‌ಡೌನ್’ಗೆ ಬದಲಿಸುತ್ತಾರೆ.

ಎಡವುವುದು ಚಿಕ್ಕ ಕಡೆ. ಎಷ್ಟೋ ಕಮಾಂಡುಗಳಲ್ಲಿ ‘ಹೆಲ್ಪ್’ ಪದಕ್ಕೆ ಮುನ್ನ ಎರಡು ಅಡ್ಡಗೆರೆ ಬೇಕು. ಮಾರ್ಕ್‌ಡೌನ್ ಕಡತವನ್ನು ಓದುವ ಪುಟವಾಗಿಸುವ ‘ಪ್ಯಾನ್‌ಡಾಕ್’, ತಡೆಯದಿದ್ದರೆ, ಆ ಎರಡನ್ನು ಸೇರಿಸಿ ಒಂದೇ ಉದ್ದ ಗೆರೆ ಮಾಡಿಬಿಡುತ್ತದೆ. ಕಣ್ಣಿಗೆ ಚೆಂದ, ಕಂಪ್ಯೂಟರಿಗೆ ಅರ್ಥವಾಗದು. ಹುಡುಗಿ ಅದನ್ನೇ ನಕಲು ಮಾಡಿ, ಉತ್ತರ ಬಾರದೆ, ತನ್ನದೇ ತಪ್ಪೆಂದು ಕುಗ್ಗುತ್ತಾಳೆ. ಮನೆಯವರೂ ಹಾಗೇ ತಿಳಿದಾರು!

ಮದ್ದು ಸುಲಭ. ಕೀಲಿಮಣೆಯಲ್ಲಿ 1ರ ಎಡಕ್ಕಿರುವ ಪುಟ್ಟ ಓರೆಗುರುತನ್ನು ಕಮಾಂಡಿನ ಎರಡೂ ಬದಿ ಹಾಕಿದರೆ ಗೆರೆಗಳು ಇದ್ದಂತೆಯೇ ಉಳಿಯುತ್ತವೆ. ಆದರೂ ಬದಲಿಸಿದವರು ಪ್ರತಿಯೊಂದು ಕಮಾಂಡನ್ನೂ ಹೊಸ ಪುಟದಿಂದಲೇ ನಕಲು ಮಾಡಿ ಒಮ್ಮೆ ಓಡಿಸಿ ನೋಡಬೇಕು.