ಆ ಹಲಸಿನ ಮರ ಯಾರದು?

'ಮನುಷ್ಯನ ಹೆಜ್ಜೆ ತಾಗದ ಕಾಡು' ಎಂಬ ಮಾತು ಟೀವಿಯಲ್ಲಿ ಕೇಳಿಬಂದರೆ ನನಗೆ ಮೈ ಉರಿಯುತ್ತದೆ. ಹಾಗೆ ಹೇಳುವ ದನಿಯೋ ಗಂಭೀರ, ಇಂಪು. ಹಿಂದೆ ಎಲ್ಲೋ ಕೊಳಲು. ಮೇಲಿನಿಂದ ತೇಲಿಬರುವ ಕ್ಯಾಮರಾದ ಕೆಳಗೆ ಮಂಜು ಹೊದ್ದ ಬೆಟ್ಟದ ಸಾಲು. ನೋಡುತ್ತ ಕೂತವರು ಉಸಿರು ಬಿಗಿ ಹಿಡಿಯುತ್ತಾರೆ. ನಾನೂ ಹಿಡಿಯುತ್ತೇನೆ, ಸುಳ್ಳು ಯಾಕೆ ಹೇಳಲಿ! ಆದರೆ ಅಂಥದೇ ಬೆಟ್ಟದ ಬುಡದಲ್ಲಿ ಸಂಸಾರ ಮಾಡಿಕೊಂಡಿರುವವಳು ನಾನು. ನರಸಿಂಹರಾಜಪುರ ತಾಲ್ಲೂಕಿನ ಸೀತೂರು ನಮ್ಮೂರು. ಬೆಳಿಗ್ಗೆ ಶಾಲೆ, ಸಂಜೆ ಒಂದಿಷ್ಟು ಅಡಕೆ ತೋಟದ ಉಸಾಬರಿ, ರಾತ್ರಿ ಊಟವಾದ ಮೇಲೆ ಟೀವಿ. ಆ ಟೀವಿಯಲ್ಲಿ ನಮ್ಮ ಕಾಡೇ ಬರುತ್ತದೆ, ನಾವು ಮಾತ್ರ ಬರುವುದಿಲ್ಲ.

ಇಂಥ ಸಾಕ್ಷ್ಯಚಿತ್ರಗಳನ್ನು ಹೆಂಗಸರು ಯಾಕೆ ಅಷ್ಟು ಇಷ್ಟಪಡುತ್ತೇವೆ ಎಂದು ನಾನು ಬಹಳ ಯೋಚಿಸಿದ್ದೇನೆ. ಶಿವಮೊಗ್ಗದಲ್ಲಿರುವ ನನ್ನ ನಾದಿನಿ ಧಾರಾವಾಹಿ ಬಿಟ್ಟಾಳು, ಇದನ್ನು ಬಿಡಳು. "ನೋಡ್ತಾ ಇದ್ರೆ ತಲೆ ಎಲ್ಲ ಹಗುರ ಆಗ್ತದೆ ಅತ್ತಿಗೆ" ಎನ್ನುತ್ತಾಳೆ. ಹಗುರವಾಗದೆ ಏನು? ಆ ಲೋಕದಲ್ಲಿ ತೊಳೆಯುವ ಪಾತ್ರೆಯಿಲ್ಲ, ಬೆಲ್ಲು ಒತ್ತುವ ನೆಂಟರಿಲ್ಲ, ಮಾತ್ರೆ ತೆಗೆದುಕೊಂಡಿರಾ ಎಂದು ವಿಚಾರಿಸಬೇಕಾದ ಮಾವನವರಿಲ್ಲ. ಯಾರೂ ಕರೆಯದ, ಯಾರಿಗೂ ಉತ್ತರ ಕೊಡಬೇಕಿಲ್ಲದ ಜಾಗವೊಂದು ಭೂಮಿಯ ಮೇಲೆ ಎಲ್ಲೋ ಇದೆ ಎಂಬ ಸಮಾಧಾನ. ದಿನವಿಡೀ ಜನರ ನಡುವೆ ಬೆಂದವಳಿಗೆ ಜನರಿಲ್ಲದ ಚಿತ್ರ ತಂಪು. ಆ ತಂಪಿನ ಮೇಲೆ ನನಗೆ ಏನೇನೂ ಸಿಟ್ಟಿಲ್ಲ. ಆ ತಂಪನ್ನು ತಯಾರಿಸುವ ರೀತಿಯ ಮೇಲೆ ನನ್ನ ಜಗಳ.

ಜನರಿಲ್ಲದ ಕಾಡು ತಾನಾಗಿ ಸಿಗುವುದಲ್ಲ, ಮಾಡಿಕೊಳ್ಳುವುದು. ಕೆಲವೊಮ್ಮೆ ಕತ್ತರಿಯಿಂದ, ಕೆಲವೊಮ್ಮೆ ಕಾನೂನಿನಿಂದ. ದೂರದಿಂದ ತೆಗೆದ ಪ್ರಾಣಿಯ ಹೆಜ್ಜೆಸಪ್ಪಳವನ್ನು ಆಮೇಲೆ ಸ್ಟುಡಿಯೋದಲ್ಲಿ ಕೂತು ಸೇರಿಸುತ್ತಾರೆ ಎಂಬುದು ಈಗ ಗುಟ್ಟೇನಲ್ಲ. ಡಿಸ್ನಿಯವರ 1958ರ ಒಂದು ಚಿತ್ರದಲ್ಲಂತೂ ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳನ್ನು ತಾವೇ ನೀರಿಗೆ ದೂಡಿ, ಅವು ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂದು ತೋರಿಸಿದ್ದರು. ಅದಕ್ಕೆ ಆಸ್ಕರ್ ಕೂಡ ಬಂತು. ಇಂಥ ಸಣ್ಣ ಮೋಸಗಳನ್ನು ಬೇಕಾದರೆ ಕ್ಷಮಿಸೋಣ. ಅದರ ಮರುವರ್ಷ, 1959ರಲ್ಲಿ, ಜರ್ಮನಿಯ ಬರ್ನ್‌ಹಾರ್ಡ್ ಗ್ರಿಮೆಕ್ ಮತ್ತು ಅವರ ಮಗ ಆಫ್ರಿಕದ ಸೆರೆಂಗೆಟಿ ಬಯಲಿನ ಮೇಲೆ ಮಾಡಿದ ಚಿತ್ರ ಬಂತು. ಮಗ ಚಿತ್ರೀಕರಣದ ಕಾಲದಲ್ಲೇ ವಿಮಾನ ಬಿದ್ದು ತೀರಿಕೊಂಡ, ಪಾಪ. ಆ ಬಯಲು ಪ್ರಾಣಿಗಳದ್ದು ಮಾತ್ರ, ಅಲ್ಲಿ ಮನುಷ್ಯ ಇರಕೂಡದು ಎಂಬುದು ಅವರ ವಾದ. ತಲೆತಲಾಂತರದಿಂದ ಅದೇ ಬಯಲಿನಲ್ಲಿ ದನ ಮೇಯಿಸಿಕೊಂಡಿದ್ದ ಮಸಾಯಿ ಜನರನ್ನು ಸೆರೆಂಗೆಟಿ ಉದ್ಯಾನದಿಂದ ಹೊರಗೆ ಕಳಿಸಿದ್ದೂ ಅದೇ 1959ರಲ್ಲಿ. ಈ ಚಿತ್ರಕ್ಕೂ ಆಸ್ಕರ್ ಬಂತು. ಇವತ್ತು ಸೆರೆಂಗೆಟಿ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಆ ಖಾಲಿ ಬಯಲೇ. ಖಾಲಿ ಮಾಡಿದ್ದು ಎಂಬುದು ನೆನಪಿಗೆ ಬರುವುದಿಲ್ಲ.

ಆಫ್ರಿಕ ದೂರವಾಯಿತು. ನಮ್ಮ ಭದ್ರಾ ಕಣಿವೆಗೇ ಬನ್ನಿ. ಹಿನ್ನೀರಿನ ಮಧ್ಯೆ ಪುಟ್ಟ ಪುಟ್ಟ ನಡುಗಡ್ಡೆಗಳು, ಬೇಸಿಗೆ ಬಂತೆಂದರೆ ಅಲ್ಲಿ ಮೊಟ್ಟೆಯಿಡುವ ಸಾವಿರಾರು ರಿವರ್ ಟರ್ನ್ ಹಕ್ಕಿಗಳು. ಕ್ಯಾಮರಾದವರಿಗೆ ಬಹಳ ಪ್ರೀತಿಯ ಜಾಗ. ಆದಿಕಾಲದಿಂದ ಹೀಗೇ ಇತ್ತೇನೋ ಅನ್ನಿಸಬೇಕು, ಹಾಗೆ ತೋರಿಸುತ್ತಾರೆ. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಎದ್ದದ್ದು 1960ರ ದಶಕದಲ್ಲಿ. ಆ ನಡುಗಡ್ಡೆಗಳು ನೀರಿನಡಿ ಹೋದ ಗುಡ್ಡಗಳ ನೆತ್ತಿಗಳು, ಅವುಗಳ ಬುಡದ ಬಯಲಿನಲ್ಲಿ ಗದ್ದೆಯಿತ್ತು, ಊರಿತ್ತು. ಇನ್ನು ದಡದ ಕಾಡು? ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿದಾಗ ಅದರ ಕುಲುಮೆ ಉರಿದದ್ದು ಕಟ್ಟಿಗೆಯ ಇದ್ದಿಲಿನಿಂದ. ಆ ಕಟ್ಟಿಗೆ ಹೋದದ್ದು ಈ ಸೀಮೆಯ ಕಾಡುಗಳಿಂದ. ತರೀಕೆರೆಗೂ ನರಸಿಂಹರಾಜಪುರಕ್ಕೂ ನಡುವೆ ಒಂದು ಕಾಲಕ್ಕೆ ಪುಟಾಣಿ ರೈಲು ಓಡುತ್ತಿತ್ತು ಎಂದರೆ ನನ್ನ ಮಕ್ಕಳು (ಶಾಲೆಯ ಮಕ್ಕಳು) ನಗುತ್ತಾರೆ. ಕಡಿದದ್ದು, ನೆಟ್ಟದ್ದು, ಮುಳುಗಿಸಿದ್ದು, ಮತ್ತೆ ತಾನಾಗಿ ಚಿಗುರಿದ್ದು, ಇಷ್ಟೆಲ್ಲ ಆದ ಕಾಡು ಇದು. ಇದನ್ನು ಕನ್ಯೆ ಎಂದು ಕರೆಯುವವರ ಧೈರ್ಯಕ್ಕೆ ಮೆಚ್ಚಬೇಕು!

ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001-02ರ ಸುಮಾರಿಗೆ ಅದರೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೊರಗೆ ಬಂದವು. ನ್ಯಾಯವಾಗಿ ಹೇಳಬೇಕೆಂದರೆ, ದೇಶದಲ್ಲಿ ಚೆನ್ನಾಗಿ ನಡೆದ ಸ್ಥಳಾಂತರಗಳಲ್ಲಿ ಇದೂ ಒಂದು ಎಂದು ಹೆಸರಾಗಿದೆ. ಜಮೀನು ಸಿಕ್ಕಿತು, ರಸ್ತೆ, ಶಾಲೆ, ಆಸ್ಪತ್ರೆ ಹತ್ತಿರವಾಯಿತು. ಎಷ್ಟೋ ಮಂದಿ ತಾವಾಗಿ ಒಪ್ಪಿ ಬಂದರು. ಮಳೆಗಾಲದಲ್ಲಿ ಬಸುರಿಯನ್ನು ಕಂಬಳಿಯಲ್ಲಿ ಹೊತ್ತು ನಡೆದವರಿಗೆ ಕಾಡಿನ ಮೋಹ ಅಷ್ಟೇನೂ ಇರುವುದಿಲ್ಲ. ಹಾಗೆ ಬಂದ ಒಬ್ಬ ಅಜ್ಜಿ ನಮ್ಮ ಪಕ್ಕದ ಮನೆ ಸೊಸೆಯ ತಾಯಿ. ಮಗಳ ಮನೆಗೆ ಬಂದಾಗಲೆಲ್ಲ ರಾತ್ರಿ ಹೊತ್ತು ನಮ್ಮ ಜಗಲಿಯಲ್ಲಿ ಎಲೆಯಡಕೆ ಹಾಕಿಕೊಂಡು ಕೂರುವುದುಂಟು. ಒಂದು ರಾತ್ರಿ ಯಾವುದೋ ಚಾನೆಲ್ಲಿನಲ್ಲಿ ಭದ್ರಾ ಕಾಡು ಬರುತ್ತಿತ್ತು. ಹಸಿರು ಹುಲ್ಲಿನ ಬಯಲು, ಜಿಂಕೆಗಳ ಹಿಂಡು, ಆಚೆ ಎರಡು ಕಾಟಿ. ನಾಗರಿಕತೆಯ ಸುಳಿವೇ ಇಲ್ಲದ ತಾಣ ಎಂದು ದನಿ ಹೇಳುತ್ತಿತ್ತು. ಅಜ್ಜಿ ಮುಂದಕ್ಕೆ ಬಾಗಿ ನೋಡಿದರು.

"ಅಗಾ, ಆ ಹಲಸಿನ ಮರ ನಮ್ದು ಕಣಮ್ಮ. ಬಕ್ಕೆ ಹಲಸು. ನಮ್ಮತ್ತೆ ಬೀಜ ಹಾಕಿದ್ದು."

ಅದೇ ಮರವೋ, ಅಂಥದೇ ಬೇರೆಯದೋ, ನಾನು ಆಣೆ ಮಾಡಲಾರೆ. ಆದರೆ ಮಲೆನಾಡಿನ ಯಾವ ಹೆಂಗಸಿಗೂ ಕಾಡನ್ನು ಓದುವುದು ಗೊತ್ತು. ಸಮತಟ್ಟಾದ ಹುಲ್ಲಿನ ಬಯಲು ಕಂಡಿತೇ, ಅದು ಹಡ್ಲು ಬಿದ್ದ ಗದ್ದೆ. ಅದರ ಅಂಚಿಗೆ ಹಲಸು, ಮಾವು, ಒಂದು ಸಂಪಿಗೆ ಇದ್ದರೆ ಅಲ್ಲೊಂದು ಮನೆಯಿತ್ತು. ಹತ್ತಿರ ಹೋಗಿ ತಡಕಿದರೆ ಒರಳುಕಲ್ಲಿನ ಚೂರೋ ತುಳಸಿಕಟ್ಟೆಯ ಕಲ್ಲೋ ಸಿಕ್ಕೀತು. ಜಿಂಕೆ ಮೇಯುತ್ತಿದ್ದದ್ದು ಯಾರೋ ನಾಟಿ ಮಾಡಿದ ಗದ್ದೆಯನ್ನು. ಅಜ್ಜಿಗೆ ಊರು ಬಿಟ್ಟ ಬೇಸರ ಅಷ್ಟಿರಲಿಲ್ಲ. "ಜಿಂಕೆಗಾರೂ ಆತಲ್ಲ" ಎಂದೇ ಅಂದರು. ಅವರನ್ನು ಕಾಡಿದ್ದು ಬೇರೆ. "ಅಲ್ಲಿ ಯಾರೂ ಇರ್ಲೇ ಇಲ್ಲ ಅಂತಾನಲ್ಲ ಈತ, ಅದು ಹೆಂಗೆ?" ಎಂದು ನನ್ನನ್ನು ಕೇಳಿದರು. ಬಿ.ಎ., ಬಿ.ಎಡ್. ಮಾಡಿದ ಟೀಚರಮ್ಮನಿಗೆ ಗೊತ್ತಿರಬೇಕಲ್ಲ ಎಂಬ ನಂಬಿಕೆ.

ನಾನೇನು ಒಳ್ಳೆಯ ಚಿತ್ರಗಳನ್ನು ತೆಗಳುತ್ತಿಲ್ಲ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರ 'ವೈಲ್ಡ್ ಕರ್ನಾಟಕ' 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂದಾಗ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ಅವರ ದನಿ ಇತ್ತು. ಅದೇ ಜೂನ್‌ನಲ್ಲಿ ಟೀವಿಗೆ ಬಂದಾಗ ಕನ್ನಡದಲ್ಲಿ ರಿಷಬ್ ಶೆಟ್ಟಿ ಹೇಳಿದರು. ನಾಲ್ಕು ವರ್ಷ ಕಾದು ತೆಗೆದ ಚಿತ್ರವದು. ನೋಡಿ ಎದೆ ತುಂಬಿ ಬಂದದ್ದು ನಿಜ. 2022ರ ಅಕ್ಟೋಬರ್‌ನಲ್ಲಿ 'ಗಂಧದ ಗುಡಿ' ಬಂದಾಗ ಪುನೀತ್ ಇಲ್ಲದ ಸಂಕಟವೂ ಸೇರಿ ಕಣ್ಣು ಒದ್ದೆಯಾಗದ ಮನೆ ಇರಲಿಲ್ಲ. ಅವೂ ಇರಲಿ, ಬೇಕು. ನಾನು ಕೇಳುವುದು ಇಷ್ಟೇ: ಹುಲಿಯ ಮುಖದ ಒಂದೊಂದು ಕೂದಲನ್ನೂ ಎಣಿಸುವಷ್ಟು ಹತ್ತಿರ ಹೋಗುವ ಕ್ಯಾಮರಾಗಳ ಕಣ್ಣಿಗೆ ದರಗಿನ ಹೊರೆ ಹೊತ್ತ ಹೆಂಗಸು ಯಾಕೆ ಬೀಳುವುದಿಲ್ಲ?

ಪೇಟೆಯಲ್ಲಿರುವ ನಿಮಗೆ ದರಗು ಎಂದರೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಕಾಡಿನಲ್ಲಿ ಉದುರಿದ ಒಣ ಎಲೆ. ಚಳಿಗಾಲ ಕಳೆಯುತ್ತಿದ್ದಂತೆ ಅದನ್ನು ಗುಡಿಸಿ, ಜಲ್ಲೆಗೆ ತುಂಬಿ ತಲೆಯ ಮೇಲೆ ಹೊತ್ತು ತರಬೇಕು. ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಬೇಕು. ಅದೇ ಗೊಬ್ಬರವಾಗಿ ಅಡಕೆಮರದ ಬುಡಕ್ಕೆ ಹೋಗುವುದು. ಈ ಕೆಲಸದಲ್ಲಿ ಹೆಚ್ಚಿನ ಪಾಲು ಹೆಂಗಸರದು. ಆ ಒಣ ಎಲೆಯಲ್ಲೇ ಉಣುಗು ಇರುತ್ತದೆ, ಸಾಸಿವೆಗಿಂತ ಸಣ್ಣದು. ಮಂಗನ ಕಾಯಿಲೆ ಹರಡುವುದು ಅದರ ಕಡಿತದಿಂದ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಕಾಯಿಲೆ, ಈಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರೆಗೆ ಬಂದಿದೆ. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು. ಈಗ ಕೈಕಾಲಿಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಾರೆ. ಬೆವರಿಗೆ ಅದೆಷ್ಟು ಹೊತ್ತು ನಿಲ್ಲುತ್ತದೋ ದೇವರೇ ಬಲ್ಲ. ಡಿಸೆಂಬರ್ ಕಳೆದು ಒಂದು ಮಗು ಜ್ವರವೆಂದು ಶಾಲೆ ತಪ್ಪಿಸಿದರೆ ನಾನು ಮೊದಲು ಕೇಳುವುದು, ಮನೆಯಲ್ಲಿ ಯಾರು ದರಗಿಗೆ ಹೋಗಿದ್ದರು ಎಂದು. ಟೀವಿಯ ಕಾಡಿನಲ್ಲಿ ಚಿರತೆ ಹಾರುವುದಕ್ಕೆ ಹತ್ತು ನಿಮಿಷ ಸಂಗೀತ ಇದೆ, ಉಣುಗಿಗೆ ಅರ್ಧ ನಿಮಿಷವಿಲ್ಲ. ನಮ್ಮಲ್ಲಿ ಚಿರತೆಗಿಂತ ನಾವು ಹೆದರುವುದು ಉಣುಗಿಗೆ.

ಇನ್ನು ಆನೆ. ನಮ್ಮ ತಾಲ್ಲೂಕಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಾಡಾನೆ ತುಳಿದು ಜನ ಸತ್ತಿದ್ದಾರೆ. ಕತ್ತಲಾದ ಮೇಲೆ ತೋಟಕ್ಕೆ ಹೋದವರು ಬರುವತನಕ ಬಾಗಿಲಲ್ಲಿ ನಿಂತಿರುತ್ತೇವೆ. ಹಾಗೆ ನಿಂತವಳಿಗೆ ಆನೆಯ ಮೇಲೆ ದ್ವೇಷ ಇದೆಯೆಂದು ತಿಳಿಯಬೇಡಿ. ಗಣೇಶನ ಹಬ್ಬದಲ್ಲಿ ಅದೇ ಮುಖಕ್ಕೆ ಗರಿಕೆ ಏರಿಸುವವರು ನಾವು. ಆದರೆ ಕೆರೆಯಲ್ಲಿ ಮರಿಯಾನೆ ನೀರಾಡುವ ಚಿತ್ರ ನೋಡಿ 'ಅಯ್ಯೋ ಮುದ್ದು' ಎನ್ನುವವರು, ಮರುದಿನ ಪೇಪರಿನಲ್ಲಿ ಸಾವಿನ ಸುದ್ದಿ ಕಂಡರೆ "ಕಾಡಿನಲ್ಲಿ ಇವರಿಗೇನು ಕೆಲಸ?" ಎನ್ನುತ್ತಾರಲ್ಲ, ಆ ಪ್ರಶ್ನೆ ಎಲ್ಲಿಂದ ಹುಟ್ಟಿತು? ಜನರಿಲ್ಲದ ಚಿತ್ರ ನೋಡಿ ನೋಡಿ ಹುಟ್ಟಿತು.

ಇದು ಬರೀ ಮನಸ್ಸು ನೋಯುವ ಮಾತಲ್ಲ. ಕಸ್ತೂರಿರಂಗನ್ ವರದಿ 2013ರಲ್ಲಿ ಬಂದಾಗಿನಿಂದ ಕರಡು ಅಧಿಸೂಚನೆಗಳ ಮೇಲೆ ಕರಡು, 2024ರ ಜುಲೈಯಲ್ಲಿ ಹೊರಟದ್ದು ಆರನೆಯದು. ಪಟ್ಟಿಯಲ್ಲಿ ನಮ್ಮ ಮೂರೂ ತಾಲ್ಲೂಕುಗಳ ಹಳ್ಳಿಗಳಿವೆ. ಕಾಡಿಗೆ ರಕ್ಷಣೆ ಬೇಡ ಎನ್ನುವ ಗುಂಪಿನವಳಲ್ಲ ನಾನು. ಕುದುರೆಮುಖದ ಗಣಿ 2005ರ ಕೊನೆಗೆ ನಿಂತಾಗ ಶಾಲೆಯಲ್ಲಿ ಸಿಹಿ ಹಂಚಿದವಳು. ಕಾನು ಕಡಿದು ಶುಂಠಿ ಹಾಕುವವರನ್ನೂ, ಗುಡ್ಡ ಬಗೆದು ರೆಸಾರ್ಟ್ ಕಟ್ಟುವವರನ್ನೂ ಬೈದು ಊರಲ್ಲಿ ನಿಷ್ಠುರ ಆಗಿದ್ದೇನೆ. ಜನ ಕಾಡು ಹಾಳು ಮಾಡುತ್ತಾರೆ ಎಂದು ನೀವಂದರೆ, ಮಾಡುತ್ತಾರೆ, ಒಪ್ಪಿದೆ. ಯಾವ ಜನ ಎಂದು ಮಾತ್ರ ಕೇಳುತ್ತೇನೆ. ವಾಟೆಹುಳಿ, ಸೀಗೆ, ರಾಮಪತ್ರೆ ಆರಿಸುವವಳನ್ನೂ ಮರದ ಲಾರಿಯವನನ್ನೂ ಒಂದೇ 'ಮನುಷ್ಯ' ಎಂಬ ಚೀಲಕ್ಕೆ ತುಂಬಿ ಆಚೆ ಎಸೆಯುವುದು ಯಾವ ಲೆಕ್ಕ? ದಿಲ್ಲಿಯಲ್ಲಿ ಕೂತು ನಕ್ಷೆಯ ಮೇಲೆ ಗೆರೆ ಎಳೆಯುವವರೂ ರಾತ್ರಿ ಮನೆಗೆ ಹೋಗಿ ಇದೇ ಚಾನೆಲ್ ನೋಡುವವರು ತಾನೇ!

ಹೋಂಸ್ಟೇಗೆ ಬರುವವರದು ಇನ್ನೊಂದು ಕತೆ. ಚಿತ್ರದಲ್ಲಿ ಕಂಡದ್ದು ಇಲ್ಲಿ ಸಿಗದೆ ಅವರಿಗೆ ನಿರಾಸೆಯಾಗುತ್ತದೆ. ಬೆಂಗಳೂರಿನ ಹುಡುಗಿಯೊಬ್ಬಳು ನಮ್ಮ ಅಂಗಳದ ಆಚೆ ನಿಂತು ಬೆಟ್ಟದ ಫೋಟೋ ಹೊಡೆಯುತ್ತಿದ್ದವಳು ವಿನಯದಿಂದಲೇ ಕೇಳಿದಳು: "ಆಂಟಿ, ಆ ಬಟ್ಟೆಗಳನ್ನ ಒಂಚೂರು ತೆಗೀತೀರಾ?" ಹಗ್ಗದ ಮೇಲೆ ನಮ್ಮತ್ತೆಯವರ ಸೀರೆ ಒಣಗುತ್ತಿತ್ತು. ಆರು ದಿನ ಮಳೆ ಬಿದ್ದು ಅವತ್ತು ಬಿಸಿಲು ಬಂದಿತ್ತು. ತೆಗೆಯಲಿಲ್ಲ. ಕಾಫಿ ಕೊಟ್ಟೆ.

ನನಗೆ ನಿಜಕ್ಕೂ ಹೊಟ್ಟೆಗೆ ಬೆಂಕಿ ಬಿದ್ದದ್ದು ತರಗತಿಯಲ್ಲಿ. ಎಂಟನೆಯವರಿಗೆ 'ನಾನು ಕಂಡ ಕಾಡು' ಎಂದು ಪ್ರಬಂಧ ಕೊಟ್ಟಿದ್ದೆ. ಸಿಂಹ, ಜೀಬ್ರಾ, ಅಮೆಜಾನಿನ ಅನಕೊಂಡ ಎಲ್ಲ ಬಂದವು. ದಿನಾ ಎರಡು ಮೈಲಿ ಕಾಡು ದಾಟಿ, ಕಾಲಿಗೆ ಹತ್ತಿದ ಇಂಬಳ ಕಿತ್ತು ಹಾಕಿ ಶಾಲೆಗೆ ಬರುವ ಹುಡುಗಿ ಬರೆದದ್ದೂ ಅಮೆಜಾನೇ. "ನೀನು ದಿನಾ ದಾಟಿ ಬರ್ತೀಯಲ್ಲ ಮಗಾ, ಅದನ್ನ ಯಾಕೆ ಬರೀಲಿಲ್ಲ?" ಎಂದೆ. ಅವಳಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಅದು ಕಾಡಲ್ಲ ಟೀಚರ್. ಅದು ನಮ್ಮನೆ ಹಿಂದಿಂದು" ಎಂದಳು. ಕಾಡಾಗಬೇಕಾದರೆ ಅಲ್ಲಿ ತಾನು ಇರಬಾರದು ಎಂದು ಹದಿಮೂರು ವರ್ಷದ ಹುಡುಗಿ ಕಲಿತಾಗಿದೆ. ಅವಳ ತಾಯಿಗೆ ಕಳಲೆ ಯಾವ ವಾರ ಮುರಿಯಬೇಕು, ಯಾವ ಅಣಬೆ ತಿನ್ನಬಾರದು, ಒರತೆ ಯಾವ ಬೇಸಿಗೆಯಲ್ಲಿ ಬತ್ತಿತ್ತು ಎಲ್ಲ ಗೊತ್ತು. ಅದು ವಿದ್ಯೆಯೆಂದು ಆ ಮಗುವಿಗೆ ಹೇಳುವವರು ಟೀವಿಯಲ್ಲಿ ಯಾರೂ ಇಲ್ಲ. ಪಠ್ಯಪುಸ್ತಕದಲ್ಲಿಯೂ ಅಷ್ಟಕ್ಕಷ್ಟೇ.

ಆ ವಾರ ಪ್ರಬಂಧ ಬದಲಿಸಿದೆ. 'ನಮ್ಮ ಮನೆ ಹಿಂದಿನದು' ಎಂದು ಕೊಟ್ಟೆ. ಅವಳು ಒಂದು ಪುಟ ಕೇಳಿದ್ದಕ್ಕೆ ಐದು ಪುಟ ಬರೆದು ತಂದಳು. ಕಾಗುಣಿತದ ತಪ್ಪು ರಾಶಿ, ಕೆಂಪು ಶಾಯಿ ಎತ್ತಲಿಲ್ಲ. ಅದರಲ್ಲಿ ಆನೆ ದಾರಿ ಇತ್ತು, ಅಮ್ಮನ ಜಲ್ಲೆ ಇತ್ತು, ಸತ್ತ ಮಂಗ ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂಬುದಿತ್ತು. ಅದನ್ನು ಚಿತ್ರ ಮಾಡುವ ಮನಸ್ಸು ಯಾರಿಗಾದರೂ ಇದ್ದರೆ ಜನವರಿಯಲ್ಲಿ ಬನ್ನಿ, ದರಗಿನ ಕಾಲ. ನಮ್ಮಲ್ಲೇ ಉಳಿಯಬಹುದು. ಕಾಡಿಗೆ ಹೊರಡುವ ಮೊದಲು ಮಾತ್ರ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಹೊರಗೇ ನೆನೆಹಾಕಿ. ಹಂಡೆಗೆ ಬೆಂಕಿ ಹಾಕಿಟ್ಟಿರುತ್ತೇನೆ.